ಪಿಂಗಾಣಿ ತಟ್ಟೆಗೆ ಏರಿದ ಕರ್ನಲ್: ಆರ್ಥರ್ ವೆಲ್ಲೆಸ್ಲಿಯ ಜೀವನ

ಕುಕ್ ಟೌನ್ ಸುತ್ತಮುತ್ತಲ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಹತ್ತನೇ ತರಗತಿಯಲ್ಲಿ ತಪ್ಪದೆ ಎದುರಾಗುವ ಪಾಠವೆಂದರೆ ಕರ್ನಾಟಕದಲ್ಲಿ ಬ್ರಿಟಿಷ್ ಆಳ್ವಿಕೆಗೆ ಬಂದ ಪ್ರತಿರೋಧ. ಹೈದರ್, ಟಿಪ್ಪು, ಧೋಂಡಿಯ ವಾಘ್, ಕಿತ್ತೂರು, ಸುರಪುರ, ಹಲಗಲಿ, ಹೀಗೆ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ಎದುರು ಪಕ್ಷದವರಿಗೆ ಮಾತ್ರ ಮುಖವೇ ಇರುವುದಿಲ್ಲ. ‘ಬ್ರಿಟಿಷರು’ ಎಂಬ ಒಂದೇ ಪದದಲ್ಲಿ ಅವರೆಲ್ಲ ಮುಗಿದುಹೋಗುತ್ತಾರೆ. ಆ ಪದದೊಳಗೆ ಅಡಗಿರುವ ಒಬ್ಬನ ಜೀವನವನ್ನು ಇಲ್ಲಿ ಹೇಳಲು ಹೊರಟಿದ್ದೇನೆ. ನಮ್ಮ ಪುಸ್ತಕದಲ್ಲಿ ಆತ ಧೋಂಡಿಯನನ್ನು ಬೆನ್ನಟ್ಟಿ ಕೊಂದ ಸೈನ್ಯಾಧಿಕಾರಿ. ತನ್ನ ದೇಶದಲ್ಲಿ ಆತ ರಾಷ್ಟ್ರವೀರ. ಎಷ್ಟರಮಟ್ಟಿಗೆ ಎಂದರೆ, ಅರ್ಧ ಶತಮಾನದ ಕಾಲ ಅಲ್ಲಿನ ಕುಂಬಾರರು ಆತನ ಮುಖವನ್ನು ಹೂಜಿ, ಬಟ್ಟಲು, ತಟ್ಟೆಗಳ ಮೇಲೆ ಅಚ್ಚೊತ್ತಿ ಮಾರಿದರು. ಯುರೋಪಿನ ದೊರೆಗಳು ಆತನಿಗಾಗಿ ಇಡೀ ಊಟದ ಸೆಟ್ಟುಗಳನ್ನೇ ಪಿಂಗಾಣಿಯಲ್ಲಿ ಮಾಡಿಸಿಕೊಟ್ಟರು.

ಈ ಪಾಠಕ್ಕೆ ಮಣ್ಣಿನ ಪಾತ್ರೆಯನ್ನೇ ಕಲಿಕೋಪಕರಣವಾಗಿ ಆರಿಸಲು ಸ್ಥಳೀಯ ಕಾರಣವೂ ಇದೆ. ಕುಕ್ ಟೌನ್‌ಗೆ ಹೆಸರು ಕೊಟ್ಟವನು ಕಂಟೋನ್ಮೆಂಟಿನ ಎಂಜಿನಿಯರಾಗಿದ್ದ ಕುಕ್. ಈಗ ಅದರ ಅಧಿಕೃತ ಹೆಸರು ಸರ್ವಜ್ಞನಗರ. ಸರ್ವಜ್ಞನ ತಾಯಿ ಅಂಬಲೂರಿನ ಕುಂಬಾರ ಮಾಳಿ ಎಂಬುದು ಪರಂಪರೆಯಿಂದ ನಡೆದುಬಂದ ಮಾತು. ಹತ್ತಿರದಲ್ಲೇ ಪಾಟರಿ ರಸ್ತೆ ಇದೆ, ಪಾಟರಿ ಟೌನ್ ಇದೆ. ಗಣೇಶನ ಹಬ್ಬ ಸಮೀಪಿಸಿದಾಗ ಅಲ್ಲಿ ಸಾಲುಸಾಲಾಗಿ ಒಣಗುವ ಮೂರ್ತಿಗಳನ್ನು ನೋಡಿದ ಮಕ್ಕಳೇ ನಿಮ್ಮ ತರಗತಿಯಲ್ಲಿ ಕೂತಿರುತ್ತಾರೆ. ಮಣ್ಣು ಹದಮಾಡಿ, ತಿಗರಿಗೆ ಹಾಕಿ, ಆವಿಗೆಯಲ್ಲಿ ಸುಟ್ಟರೆ ಪಾತ್ರೆಯಾಗುತ್ತದೆ ಎಂಬುದನ್ನು ಅವರಿಗೆ ಕಲಿಸಬೇಕಾಗಿಲ್ಲ. ಆ ಪಾತ್ರೆಯ ಮೇಲೆ ಯಾರ ಚಿತ್ರ ಬರುತ್ತದೆ, ಯಾರು ಬರೆಸುತ್ತಾರೆ ಎಂಬಲ್ಲಿಂದ ನಮ್ಮ ಕೆಲಸ ಶುರು.

ಆರ್ಥರ್ ಹುಟ್ಟಿದ್ದು 1769ರಲ್ಲಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಮನೆತನದ ಹೆಸರು ಆಗ ವೆಸ್ಲಿ. 1798ರಲ್ಲಿ ಅದನ್ನು ವೆಲ್ಲೆಸ್ಲಿ ಎಂದು ಬದಲಿಸಿಕೊಂಡರು. ತಂದೆ ಮಾರ್ನಿಂಗ್ಟನ್ನಿನ ಅರ್ಲ್, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನೂ ಆಗಿದ್ದ. ಆತ 1781ರಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಬಿರುದು ಉಳಿಯಿತು, ಹಣ ಉಳಿಯಲಿಲ್ಲ. ಈಟನ್ ಶಾಲೆಗೆ ಸೇರಿದ ಹುಡುಗ ಅಲ್ಲಿ ಮಂಕಾಗಿದ್ದ, ಗೆಳೆಯರಿಲ್ಲದೆ ಒಂಟಿಯಾಗಿದ್ದ. ಅಣ್ಣ ರಿಚರ್ಡ್ ಜಾಣನೆಂದು ಹೆಸರಾಗಿದ್ದರಿಂದ ತಮ್ಮನ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಅವನಿಗೆ ಒಲಿದಿದ್ದುದು ತಂದೆಯಿಂದ ಬಂದ ಪಿಟೀಲು ಒಂದೇ. ತಾಯಿ ಅವನನ್ನು ಫ್ರಾನ್ಸಿನ ಆಂಜೇ ಊರಿನ ಕುದುರೆ ಸವಾರಿಯ ಶಾಲೆಗೆ ಕಳಿಸಿದಳು. ಮುಂದೆ ಜೀವಮಾನವಿಡೀ ಫ್ರೆಂಚರೊಡನೆ ಕಾದಾಡಿದವನು ಸವಾರಿಯನ್ನೂ ಫ್ರೆಂಚ್ ಮಾತನ್ನೂ ಕಲಿತದ್ದು ಅಲ್ಲಿ. ಹಿಂದುಳಿದ ವಿದ್ಯಾರ್ಥಿಗಳ ಬಗ್ಗೆ ಪಾಠ ಮಾಡುವಾಗ ಈ ಭಾಗವನ್ನು ಉದಾಹರಣೆಯಾಗಿ ಬಳಸುವ ಆಸೆ ಹುಟ್ಟುವುದು ಸಹಜ. ಆದರೆ ಹಿಂದಿನ ಬೆಂಚಿನ ಎಲ್ಲ ಹುಡುಗರಿಗೂ ಗವರ್ನರ್ ಜನರಲ್ ಆಗುವ ಅಣ್ಣ ಇರುವುದಿಲ್ಲ ಎಂಬುದನ್ನೂ ಜೊತೆಗೇ ನೆನಪಿಡುವುದು ಒಳ್ಳೆಯದು.

1787ರಲ್ಲಿ ಸೈನ್ಯ ಸೇರಿದ. ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯ ಹುದ್ದೆಯನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು. ಅಣ್ಣನ ಸಾಲದ ನೆರವಿನಿಂದ ಆರ್ಥರ್ ಮೆಟ್ಟಿಲು ಹತ್ತಿ, 1793ರಲ್ಲಿ 33ನೇ ಪದಾತಿ ದಳದ ಲೆಫ್ಟಿನೆಂಟ್ ಕರ್ನಲ್ ಆದ. ಅದೇ ವರ್ಷ ಕಿಟ್ಟಿ ಪಾಕೆನ್‌ಹ್ಯಾಮ್ ಎಂಬ ಹುಡುಗಿಯನ್ನು ಕೇಳಿದಾಗ ಅವಳ ಮನೆಯವರು ಈತನಿಗೆ ಭವಿಷ್ಯವಿಲ್ಲವೆಂದು ಒಪ್ಪಲಿಲ್ಲ. ಆತ ಪಿಟೀಲುಗಳನ್ನು ಬೆಂಕಿಗೆ ಹಾಕಿದ. ಮತ್ತೆ ನುಡಿಸಲಿಲ್ಲ.

1797ರ ಫೆಬ್ರವರಿಯಲ್ಲಿ ಕಲ್ಕತ್ತೆಗೆ ಬಂದಿಳಿದ. ಮರುವರ್ಷ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಈ ತಮ್ಮನ ಹೆಸರು ಎಂದು ತರಗತಿಯಲ್ಲಿ ಹೇಳಿಬಿಡುವ ಅಪಾಯವಿದೆ. ಪೂರ್ಣಯ್ಯನವರು ಕಟ್ಟಿಸಿದ ಆ ಸೇತುವೆಗೆ ಇಟ್ಟದ್ದು ಅಣ್ಣನ ಹೆಸರು. ತಮ್ಮನ ಹೆಸರು ಬೇಕಿದ್ದರೆ ನಮ್ಮ ರಿಚ್ಮಂಡ್ ಟೌನಿನ ವೆಲ್ಲಿಂಗ್ಟನ್ ಸ್ಟ್ರೀಟ್‌ಗೆ ಹೋಗಬೇಕು.

ಇಲ್ಲಿ ಕತೆಯನ್ನು ತುಸು ಹಿಂದಕ್ಕೆ ಕೊಂಡೊಯ್ಯಬೇಕು, ಏಕೆಂದರೆ ಪಿಂಗಾಣಿ ಮೈಸೂರಿನ ಚರಿತ್ರೆಗೆ ಬಂದದ್ದು ವೆಲ್ಲೆಸ್ಲಿಗಿಂತ ಮೊದಲು. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡರು. ಸೈನಿಕ ನೆರವಿನ ಮಾತು ಗಟ್ಟಿಯಾಗಲಿಲ್ಲ. ರಾಜನ ಪಿಂಗಾಣಿ ಕಾರ್ಖಾನೆಯಾದ ಸೇವ್ರ್‌ನ ಸಾಮಾನುಗಳು ಮಾತ್ರ ಉಡುಗೊರೆಯಾಗಿ ದೊರೆತವು. ಮೈಸೂರಿನ ಈ ಅತಿಥಿಗಳನ್ನು ನೋಡಲು ಪ್ಯಾರಿಸಿನ ಜನ ಮುಗಿಬಿದ್ದಿದ್ದರು. ಸೇವ್ರ್ ಕಾರ್ಖಾನೆ ಅವರ ಚಿತ್ರವಿರುವ ಬಟ್ಟಲುಗಳನ್ನೂ ತಯಾರಿಸಿತು. ಟಿಪ್ಪುವಿಗೆ ಬೇಕಾಗಿದ್ದುದು ಬಟ್ಟಲಷ್ಟೇ ಅಲ್ಲ, ಅದನ್ನು ಮಾಡುವ ಕೈಗಳು. ಗಡಿಯಾರ, ಗಾಜು, ಪಿಂಗಾಣಿ ಬಲ್ಲ ಕಸುಬುದಾರರನ್ನು ಕಳಿಸಿಕೊಡಿ ಎಂದು ಆತ ಕೇಳಿಕೊಂಡಿದ್ದ. ಸೇವ್ರ್ ಎಂಬ ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1799ರಲ್ಲಿ ಜನರಲ್ ಹ್ಯಾರಿಸ್‌ನ ಸೇನೆ ಮೈಸೂರಿನ ಮೇಲೆ ಬಂತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗವಾಯಿತು. ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪನ್ನು ಹಿಡಿಯಲು ವೆಲ್ಲೆಸ್ಲಿಗೆ ಅಪ್ಪಣೆಯಾಯಿತು. ಹಗಲಿನಲ್ಲಿ ಜಾಗವನ್ನು ನೋಡಿರಲಿಲ್ಲ. ತೋಪಿನೊಳಗೆ ನೀರಿನ ಕಾಲುವೆಗಳು, ಬಿದಿರು, ಕತ್ತಲು. ಟಿಪ್ಪುವಿನ ಸೈನಿಕರ ಗುಂಡು, ರಾಕೆಟ್ಟುಗಳ ನಡುವೆ ಪಡೆ ಚದುರಿತು. ಕರ್ನಲ್‌ನ ಮಂಡಿಗೆ ಪೆಟ್ಟು ಬಿತ್ತು, ದಾರಿ ತಪ್ಪಿತು. ತನ್ನವರನ್ನು ಬಿಟ್ಟು ಒಬ್ಬನೇ ಶಿಬಿರಕ್ಕೆ ಬಂದು ಸೋಲನ್ನು ವರದಿ ಮಾಡಬೇಕಾಯಿತು. ಸೆರೆಸಿಕ್ಕ 12 ಮಂದಿ ಸೈನಿಕರು ಬದುಕಿ ಬರಲಿಲ್ಲ. ಮರುದಿನ ಹೆಚ್ಚಿನ ಬಲದೊಂದಿಗೆ ಹೋಗಿ ತೋಪನ್ನು ಹಿಡಿದನಾದರೂ ಆ ರಾತ್ರಿಯನ್ನು ಆತ ಮರೆಯಲಿಲ್ಲ. ಹಗಲಿನಲ್ಲಿ ಕಣ್ಣಾರೆ ನೋಡದ ನೆಲೆಯ ಮೇಲೆ ರಾತ್ರಿ ದಾಳಿ ಮಾಡಬಾರದೆಂದು ಆಗಲೇ ನಿಶ್ಚಯಿಸಿದ. ವೆಲ್ಲೆಸ್ಲಿಯನ್ನು ರೂಪಿಸಿದ್ದು ವಾಟರ್‌ಲೂ ಅಲ್ಲ, ಕಾವೇರಿಯ ದಂಡೆಯ ಈ ತೋಪು ಎಂದು ನನಗೆ ಅನಿಸುತ್ತದೆ. ಆದರೆ ಸೋತ ರಾತ್ರಿಯ ನೆನಪಿಗೆ ಹೂಜಿ ಮಾಡಿಸುವವರು ಯಾರು?

ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಮಡಿದ. ದಾಳಿಯ ಮುಂದಾಳು ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಕದನದಲ್ಲಿ ಹೈದರ್ ಮತ್ತು ಟಿಪ್ಪುವಿನ ಕೈಗೆ ಸಿಕ್ಕಿ, ಇದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು ಆತ. ವೆಲ್ಲೆಸ್ಲಿ ಅಂದು ಮೀಸಲು ಪಡೆಯೊಂದಿಗೆ ಹಿಂದಿದ್ದ. ಆದರೂ ಪಟ್ಟಣದ ಅಧಿಕಾರ ಬಂದದ್ದು ಬೇರ್ಡ್‌ಗಲ್ಲ, ಅವನಿಗಿಂತ ಕಿರಿಯನಾದ ವೆಲ್ಲೆಸ್ಲಿಗೆ. ಬೇರ್ಡ್ ಇದನ್ನು ಕೊನೆಯವರೆಗೂ ನುಂಗಿಕೊಳ್ಳಲಿಲ್ಲ. ಪಟ್ಟಣದಲ್ಲಿ ಲೂಟಿ ಮಿತಿಮೀರಿತ್ತು. ಹೊಸ ಅಧಿಕಾರಿ ಕೆಲವು ಲೂಟಿಕೋರರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿ ಹೊಡೆಸಿ ಅದನ್ನು ತಹಬಂದಿಗೆ ತಂದ. ಹೀಗೆ ಲೂಟಿಯನ್ನು ನಿಲ್ಲಿಸಿದವನಿಗೂ ಗೆದ್ದ ಸಂಪತ್ತಿನ ಪಾಲಾಗಿ ಸುಮಾರು 4,000 ಪೌಂಡು ಸಂದಿತು. ಒಂದು ಲೂಟಿಗೆ ಗಲ್ಲು, ಇನ್ನೊಂದಕ್ಕೆ ರಸೀತಿ. ಇದನ್ನು ಮಕ್ಕಳು ತಾವಾಗಿಯೇ ಗುರುತಿಸುತ್ತಾರೆ, ನಾವು ಸುಮ್ಮನಿದ್ದರೆ ಸಾಕು.

ವೆಲ್ಲೆಸ್ಲಿ ವಾಸಕ್ಕೆ ಆರಿಸಿಕೊಂಡದ್ದು ದರಿಯಾ ದೌಲತ್. ಅದರ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧ ಉದ್ದಕ್ಕೂ ಚಿತ್ರಿತವಾಗಿದೆ. ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಕುಸಿಯುತ್ತಿರುವ ಕೆಂಪಂಗಿಯವರು. ಬ್ರಿಟಿಷರ ಸೋಲಿನ ಸ್ಮಾರಕವದು. ಮುತ್ತಿಗೆಗೆ ಮೊದಲೇ ಹಾಳಾಗಿದ್ದ ಆ ಚಿತ್ರಗಳನ್ನು ವೆಲ್ಲೆಸ್ಲಿ ಅಳಿಸಿಹಾಕಬಹುದಿತ್ತು. ಅವನು ಸರಿಪಡಿಸಿ ಬರೆಯಿಸಿದ. ಯಾಕೆ ಎಂಬ ಪ್ರಶ್ನೆಯನ್ನು ತರಗತಿಗೆ ಬಿಟ್ಟುಬಿಡಿ. ಗೆದ್ದವನಿಗೆ ಶತ್ರುವಿನ ಹಳೆಯ ಗೆಲುವು ಅಪಾಯವಲ್ಲ, ಅಲಂಕಾರ ಎಂಬುದು ಒಂದು ಉತ್ತರ. ಚಿತ್ರ ಚೆನ್ನಾಗಿತ್ತು ಎಂಬುದೂ ಉತ್ತರವೇ.

ಇನ್ನು ಧೋಂಡಿಯ ವಾಘ್. ಚನ್ನಗಿರಿಯವನು, ಹೈದರನ ಸೈನ್ಯದಲ್ಲಿ ಸವಾರನಾಗಿದ್ದವನು, ಟಿಪ್ಪುವಿನ ಸೆರೆಯಲ್ಲಿದ್ದವನು. ಶ್ರೀರಂಗಪಟ್ಟಣ ಬಿದ್ದಾಗ ಹೊರಗೆ ಬಂದು, ಕೆಲಸ ಕಳೆದುಕೊಂಡ ಸೈನಿಕರನ್ನು ಕೂಡಿಸಿ, ಉಭಯ ಲೋಕಾಧೀಶ್ವರ ಎಂಬ ಬಿರುದನ್ನು ತಾನೇ ಧರಿಸಿದ. ಅವನನ್ನು ಹಿಡಿಯಲು ವೆಲ್ಲೆಸ್ಲಿ 1800ರಲ್ಲಿ ತುಂಗಭದ್ರೆ, ಮಲಪ್ರಭೆಗಳನ್ನು ದಾಟಿ ತಿಂಗಳುಗಟ್ಟಲೆ ಅಲೆಯಬೇಕಾಯಿತು. ಆ ಓಟವನ್ನು ಸಾಧ್ಯಮಾಡಿದ್ದು ನಮ್ಮ ಅಮೃತಮಹಲ್ ಎತ್ತುಗಳು. ತೋಪು, ದವಸ ಹೊತ್ತು ಕುದುರೆ ಪಡೆಯ ಹಿಂದೆಯೇ ನಡೆಯಬಲ್ಲ ಈ ದನಗಳ ತಳಿಯನ್ನು ಮೈಸೂರಿನ ಅರಸರು ಶತಮಾನದ ಮೇಲ್ಪಟ್ಟು ಸಾಕಿ ಬೆಳೆಸಿದ್ದರು. ಕಾಳಗ ಗೆಲ್ಲುವುದು ಅಕ್ಕಿ ಮೂಟೆಯಿಂದ ಎಂಬ ಪಾಠವನ್ನು ವೆಲ್ಲೆಸ್ಲಿ ಅವುಗಳ ಹಿಂದೆ ನಡೆದು ಕಲಿತ. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯ ಹತನಾದ. ಅವನ ಸಾಮಾನಿನ ನಡುವೆ ಸಿಕ್ಕಿದ್ದು ಸಲಾಬತ್ ಖಾನ್ ಎಂಬ ಪುಟ್ಟ ಮಗ. ವೆಲ್ಲೆಸ್ಲಿ ಆ ಹುಡುಗನನ್ನು ತನ್ನ ಬಿಡಾರಕ್ಕೆ ಕರೆತಂದು ಸಾಕಿದ, ಹೋಗುವಾಗ ಅವನ ಪಾಲನೆಗೆ ಹಣ ಇಟ್ಟು ಹೋದ. ತಂದೆಯನ್ನು ಬೇಟೆಯಾಡಿದವನೂ ಮಗನಿಗೆ ಹಣ ಇಟ್ಟವನೂ ಒಬ್ಬನೇ. ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯಲ್ಲಿ ಈ ಎರಡರಲ್ಲಿ ಒಂದನ್ನು ಬಿಟ್ಟುಬಿಡುವುದುಂಟು. ಯಾವುದನ್ನು ಬಿಟ್ಟರೂ ಪಾಠ ಸುಲಭವಾಗುತ್ತದೆ, ಮನುಷ್ಯ ಕಾಣೆಯಾಗುತ್ತಾನೆ.

1803ರಲ್ಲಿ ಮರಾಠರ ವಿರುದ್ಧ ಅಸ್ಸಾಯೆಯ ಗೆಲುವು. ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಊರು ಅದು. ಗೆಲುವಿನ ಬೆಲೆ ಎಷ್ಟಿತ್ತೆಂದರೆ ಮುಂದೆ ಆತ ತನ್ನ ಯುದ್ಧಗಳನ್ನು ನೆನೆಯುವಾಗ ಇದನ್ನೇ ಮೇಲಿಡುತ್ತಿದ್ದ. 1805ರಲ್ಲಿ ದೇಶ ಬಿಡುವಾಗ ದಿವಾನ್ ಪೂರ್ಣಯ್ಯನವರಿಗೆ ನೆನಪಿಗಾಗಿ ತನ್ನ ಚಿತ್ರಪಟವನ್ನು ಕೊಡಿಸಿದ. ತನ್ನ ಮುಖ ಕಾಣಿಕೆಯಾಗಬಲ್ಲದು ಎಂಬ ಅರಿವು ಆ ಹೊತ್ತಿಗಾಗಲೇ ಅವನಿಗೆ ಬಂದಿತ್ತು ಎನ್ನಬಹುದು. ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ತಂಗಿದ್ದ ಮನೆಯಲ್ಲೇ ಹತ್ತು ವರ್ಷದ ಬಳಿಕ ಸೆರೆಯಾಳು ನೆಪೋಲಿಯನ್ ಕೆಲವು ವಾರ ಇದ್ದ.

ಲಂಡನ್ನಿಗೆ ಬಂದ ವೆಲ್ಲೆಸ್ಲಿ ಸೆಪ್ಟೆಂಬರಿನಲ್ಲಿ ಒಂದು ಕಚೇರಿಯ ಹೊರಕೋಣೆಯಲ್ಲಿ ಕಾಯುತ್ತಿದ್ದಾಗ ನೌಕಾಪತಿ ನೆಲ್ಸನ್ನನನ್ನು ಕಂಡ. ಅವರಿಬ್ಬರ ಭೇಟಿ ಅದೊಂದೇ. ಕೆಲವೇ ವಾರಗಳಲ್ಲಿ, ಅಕ್ಟೋಬರ್ 21ರಂದು, ನೆಲ್ಸನ್ ಟ್ರಫಾಲ್ಗರ್ ಸಮರದಲ್ಲಿ ಗೆದ್ದು ಸತ್ತ. ಕೂಡಲೇ ಕುಂಬಾರಿಕೆಯ ನಾಡಾದ ಸ್ಟಫರ್ಡ್‌ಶೈರ್‌ನಿಂದಲೂ ಲಿವರ್‌ಪೂಲಿನಿಂದಲೂ ನೆಲ್ಸನ್ ಹೂಜಿಗಳು, ನೆಲ್ಸನ್ ಬಟ್ಟಲುಗಳು ಮಾರುಕಟ್ಟೆಗೆ ಸುರಿದವು. ಇದು ಅಷ್ಟು ಬೇಗ ಸಾಧ್ಯವಾದದ್ದು ಒಂದು ತಂತ್ರದಿಂದ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಅದಕ್ಕೆ ಬಣ್ಣ ತುಂಬಿ, ತೆಳು ಕಾಗದದ ಮೇಲೆ ಅಚ್ಚೊತ್ತುತ್ತಾರೆ. ಹಸಿಯಾಗಿರುವಾಗಲೇ ಕಾಗದವನ್ನು ಪಾತ್ರೆಯ ಮೈಗೆ ಅಂಟಿಸಿ ಉಜ್ಜಿದರೆ ಚಿತ್ರ ಪಾತ್ರೆಗೆ ಇಳಿಯುತ್ತದೆ. ಕಾಗದವನ್ನು ತೊಳೆದು ತೆಗೆದು, ಮೆರುಗು ಕೊಟ್ಟು ಸುಡುತ್ತಾರೆ. ಕೈಯಲ್ಲಿ ಬರೆಯುವ ಕಲಾವಿದ ಬೇಡ. ಒಂದು ತಗಡಿನಿಂದ ನೂರಾರು ಪಾತ್ರೆ. 1750ರ ದಶಕದಿಂದ ಬೆಳೆದ ಈ ವಿಧಾನದಿಂದಾಗಿ ವೀರನ ಮುಖ ಅರಮನೆಯ ಗೋಡೆಯಿಂದ ಇಳಿದು ಸಾಮಾನ್ಯರ ಅಡುಗೆಮನೆಯ ಗೂಡಿಗೆ ಬಂತು. ಶತ್ರುವಿಗೂ ಜಾಗವಿತ್ತು: ನೆಪೋಲಿಯನ್ನನ ಮುಖವನ್ನು ಮೂತ್ರದ ಪಾತ್ರೆಯ ತಳದಲ್ಲಿ ಇಟ್ಟರು. ಈ ಸಂಗತಿಯನ್ನು ಎಂಟನೇ ತರಗತಿಯಲ್ಲಿ ಹೇಳುವ ಮುನ್ನ ನಗು ನಿಲ್ಲಿಸುವ ದಾರಿಯನ್ನೂ ಯೋಚಿಸಿಕೊಂಡು ಹೋಗಿ.

1806ರಲ್ಲಿ ವೆಲ್ಲೆಸ್ಲಿ ಅದೇ ಕಿಟ್ಟಿಯನ್ನು ಮದುವೆಯಾದ. ಈಗ ಅವನಿಗೆ ಭವಿಷ್ಯವಿತ್ತು. ಸಂಸಾರ ಮಾತ್ರ ಸುಖದ್ದಾಗಲಿಲ್ಲ. 1808ರಿಂದ ಆರು ವರ್ಷ ಪೋರ್ಚುಗಲ್, ಸ್ಪೇನ್‌ಗಳಲ್ಲಿ ಫ್ರೆಂಚರ ವಿರುದ್ಧ ಯುದ್ಧ. 1809ರ ತಲವೇರಾ ಗೆಲುವಿನ ಬಳಿಕ ವೆಲ್ಲಿಂಗ್ಟನ್ ಎಂಬ ಹೆಸರು ಬಂತು. 1812ರಲ್ಲಿ ಸಲಮಾಂಕ, 1813ರಲ್ಲಿ ವಿಟೋರಿಯ, 1814ರಲ್ಲಿ ಡ್ಯೂಕ್ ಪದವಿ. ಒಂದು ಬದಿಗೆ ವೆಲ್ಲಿಂಗ್ಟನ್, ಇನ್ನೊಂದು ಬದಿಗೆ ಅವನ ಕೈಕೆಳಗಿನ ಜನರಲ್ ಹಿಲ್ ಇರುವ ಉಬ್ಬುಚಿತ್ರದ ಹೂಜಿಗಳು ಈ ಕಾಲದವು. 1815ರ ಜೂನ್ 18ರಂದು ವಾಟರ್‌ಲೂ. ಅದರ ಕತೆ ಎಲ್ಲ ಪುಸ್ತಕಗಳಲ್ಲೂ ಇದೆ, ಇಲ್ಲಿ ಬೇಡ.

ಆಮೇಲೆ ದೊರೆಗಳ ಸರದಿ. ಪ್ರಷ್ಯದ ರಾಜ ಬರ್ಲಿನ್ನಿನ ಕಾರ್ಖಾನೆಯಲ್ಲಿ 1817ರಿಂದ 1819ರವರೆಗೆ ಮಾಡಿಸಿದ ಊಟದ ಸೆಟ್ಟು ಎಲ್ಲಕ್ಕಿಂತ ಕುತೂಹಲಕರ. ಅದರ ತಟ್ಟೆಗಳ ಮೇಲೆ ಡ್ಯೂಕನ ಜೀವನವೇ ಚಿತ್ರಚಿತ್ರವಾಗಿ ಬರುತ್ತದೆ. ಐರ್ಲೆಂಡಿನಿಂದ ಹೊರಟು, ಭಾರತವನ್ನು ಹಾದು, ಸ್ಪೇನನ್ನು ದಾಟಿ ವಾಟರ್‌ಲೂವಿಗೆ ಮುಟ್ಟುವ ಜೀವನಚರಿತ್ರೆ. ಓದಬೇಕಾದರೆ ಮೊದಲು ಹಣ್ಣು ತಿಂದು ತಟ್ಟೆ ಖಾಲಿಮಾಡಬೇಕು. ನೆಪೋಲಿಯನ್ನನ ಜೊತೆಗಿದ್ದ ಸ್ಯಾಕ್ಸನಿಯ ರಾಜನೂ ಮೈಸೆನ್‌ನಿಂದ ಒಂದು ಸೆಟ್ಟು ಕಳಿಸಿದ. ಸೋತ ಪಕ್ಷದಲ್ಲಿದ್ದವನಿಗೆ ಗೆದ್ದವನ ಯುದ್ಧಗಳನ್ನು ಹೊಗಳುವ ಅಗತ್ಯ ಹೆಚ್ಚೇ ಇರುತ್ತದೆ. ಫ್ರಾನ್ಸಿನ ಸಿಂಹಾಸನವನ್ನು ಮರಳಿ ಪಡೆದ 18ನೇ ಲೂಯಿ 1818ರಲ್ಲಿ ಕೊಟ್ಟದ್ದು ಈಜಿಪ್ಟಿನ ಗುಡಿಗಳು, ಒಬೆಲಿಸ್ಕ್‌ಗಳು ಮೇಜಿನ ಮೇಲೇ ನಿಲ್ಲುವಂಥ ಭಾರಿ ಸೆಟ್ಟು. ಅದನ್ನು ಮಾಡಿಸಿದ್ದು ನೆಪೋಲಿಯನ್, ತಾನು ಬಿಟ್ಟ ಹೆಂಡತಿ ಜೋಸೆಫೀನಳಿಗಾಗಿ. ಅವಳು ಬೇಡವೆಂದು ಹಿಂದಿರುಗಿಸಿದ್ದಳು. ಕಾರ್ಖಾನೆಯಲ್ಲಿ ಉಳಿದಿದ್ದ ಅದನ್ನು ಹೊಸ ರಾಜ ನೆಪೋಲಿಯನ್ನನನ್ನು ಸೋಲಿಸಿದವನಿಗೆ ಕೊಟ್ಟ. ಆ ಕಾರ್ಖಾನೆ ಸೇವ್ರ್. 30 ವರ್ಷದ ಹಿಂದೆ ಟಿಪ್ಪುವಿನ ರಾಯಭಾರಿಗಳಿಗೆ ಬಟ್ಟಲು ಕೊಟ್ಟದ್ದೂ ಅದೇ. ನಡುವೆ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ, ಚಕ್ರಾಧಿಪತ್ಯ ಬಂದು ಹೋಗಿ, ಟಿಪ್ಪುವೂ 16ನೇ ಲೂಯಿಯೂ ಕೊಲೆಯಾಗಿ ಹೋಗಿದ್ದರು. ಆವಿಗೆ ಮಾತ್ರ ಉರಿಯುತ್ತಲೇ ಇತ್ತು.

ಮಣ್ಣಿನಲ್ಲಿ ನಮ್ಮ ಕಡೆಯ ನೆನಪೂ ಒಂದು ಬಂತು, ಬೇರೆ ದಾರಿಯಿಂದ. ಟಿಪ್ಪುವಿನ ಯಂತ್ರದ ಹುಲಿಯನ್ನು ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ 1808ರಿಂದ ಪ್ರದರ್ಶನಕ್ಕೆ ಇಟ್ಟಿದ್ದರು. ಅದರ ನೆರಳಿನಲ್ಲೇ ಸ್ಟಫರ್ಡ್‌ಶೈರ್‌ನ ಕುಂಬಾರರು, 1792ರಲ್ಲಿ ಬಂಗಾಳದ ದ್ವೀಪವೊಂದರಲ್ಲಿ ಹುಲಿಗೆ ಬಲಿಯಾದ ಮನ್ರೋ ಎಂಬ ತರುಣ ಅಧಿಕಾರಿಯ ಸಾವನ್ನು ಬಣ್ಣದ ಬೊಂಬೆಯಾಗಿ ಮಾಡಿ ಮಾರಿದರು. ಅಧಿಕಾರಿಯ ತಲೆ ಹುಲಿಯ ಬಾಯಲ್ಲಿದೆ. ಇಂಗ್ಲಿಷ್ ಮನೆಯ ಒಲೆಗಟ್ಟೆಯ ಮೇಲೆ ಇಂಥ ಬೊಂಬೆ ಯಾಕೆ ಬೇಕಾಯಿತು ಎಂಬುದು ವೆಲ್ಲಿಂಗ್ಟನ್ ಹೂಜಿಗಿಂತ ಒಳ್ಳೆಯ ಪ್ರಶ್ನೆ.

ಶಾಂತಿಯ ಕಾಲ ಡ್ಯೂಕನಿಗೆ ಅಷ್ಟಾಗಿ ಒಗ್ಗಲಿಲ್ಲ. 1828ರಲ್ಲಿ ಪ್ರಧಾನಿಯಾದ. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯುವ 1829ರ ಕಾಯಿದೆಯನ್ನು ತನ್ನ ಪಕ್ಷದವರ ಸಿಟ್ಟನ್ನೂ ಲೆಕ್ಕಿಸದೆ ತಂದ, ಅದಕ್ಕಾಗಿ ಒಬ್ಬ ಲಾರ್ಡ್‌ನೊಂದಿಗೆ ಪಿಸ್ತೂಲಿನ ದ್ವಂದ್ವಕ್ಕೂ ನಿಂತ. ಮತದಾನದ ಹಕ್ಕನ್ನು ವಿಸ್ತರಿಸುವ ಸುಧಾರಣೆಯನ್ನು ಮಾತ್ರ ಗಟ್ಟಿಯಾಗಿ ವಿರೋಧಿಸಿದ. 1831ರಲ್ಲಿ ಜನ ಅವನ ಲಂಡನ್ ಮನೆಯ ಕಿಟಕಿಗಳಿಗೆ ಕಲ್ಲು ಹೊಡೆದರು, ಆತ ಕಬ್ಬಿಣದ ಬಾಗಿಲು ಹಾಕಿಸಿಕೊಂಡ. ಆ ಮನೆಯೇ ಆಪ್ಸ್ಲಿ ಹೌಸ್. ದೊರೆಗಳು ಕೊಟ್ಟ ಪಿಂಗಾಣಿಯೆಲ್ಲ ಅದರೊಳಗಿತ್ತು. ಇಂದೂ ಅಲ್ಲಿ ನೋಡಲು ಸಿಗುತ್ತದೆ. ಹೊರಗೆ ಕಲ್ಲು ಎಸೆದವರಲ್ಲಿ ಎಷ್ಟು ಜನರ ಮನೆಯಲ್ಲಿ ವೆಲ್ಲಿಂಗ್ಟನ್ ಹೂಜಿ ಇತ್ತೋ.

1852ರ ಸೆಪ್ಟೆಂಬರ್ 14ರಂದು ಆತ ತೀರಿಕೊಂಡ. ಸಿಟ್ಟೆಲ್ಲ ಅಷ್ಟರಲ್ಲಿ ಆರಿತ್ತು. ನವೆಂಬರ್ 18ರಂದು ಲಂಡನ್ನಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ನಿಂತು ನೋಡುತ್ತಿರಲು ಸೇಂಟ್ ಪಾಲ್ಸ್ ಇಗರ್ಜಿಯಲ್ಲಿ, ನೆಲ್ಸನ್ ಮಲಗಿರುವ ಕಡೆಯಲ್ಲೇ, ಮಣ್ಣುಮಾಡಿದರು. ಅಮೃತಶಿಲೆಯಂತೆ ಕಾಣುವ ಮೆರುಗಿಲ್ಲದ ಬಿಳಿ ಪಿಂಗಾಣಿಯಲ್ಲಿ ಅವನ ಎದೆಮಟ್ಟದ ಮೂರ್ತಿಗಳು ಆ ವರ್ಷ ಅಂಗಡಿಗಳಲ್ಲಿ ತುಂಬಿದವು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಕಂಟೋನ್ಮೆಂಟ್ ಎದ್ದು 40 ವರ್ಷ ದಾಟಿತ್ತು. 1799ರ ಬಳಿಕ ಶ್ರೀರಂಗಪಟ್ಟಣದಲ್ಲಿ ಉಳಿದಿದ್ದ ಬ್ರಿಟಿಷ್ ಪಡೆಯನ್ನು ಅಲ್ಲಿನ ಜ್ವರದ ಕಾಟದಿಂದ ಪಾರುಮಾಡಲು 1809ರಲ್ಲಿ ಹಲಸೂರಿನ ಕಡೆಗೆ ತಂದದ್ದರಿಂದ ಬೆಳೆದ ಊರು ಇದು. ವೆಲ್ಲೆಸ್ಲಿಯ ಗೆಲುವು ನಮ್ಮ ಶಾಲೆಗಳ ಕಾಂಪೌಂಡಿನ ತನಕ ಬಂದಿರುವುದು ಹೀಗೆ.

ಈ ಪಾಠವನ್ನು ಎರಡು ಅವಧಿಗಳಲ್ಲಿ ಮಾಡುವವರಿಗೆ ಒಂದು ಸಲಹೆ. ಮೊದಲ ಅವಧಿಯಲ್ಲಿ ಮೇಲಿನ ಜೀವನವನ್ನು ಕತೆಯಾಗಿ ಹೇಳಿ. ಚಿತ್ರಪಟ ತೋರಿಸಬೇಡಿ, ತೋರಿಸಿದರೆ ಮಕ್ಕಳು ಅದನ್ನೇ ನಕಲು ಮಾಡುತ್ತಾರೆ. ಎರಡನೆಯ ಅವಧಿಯಲ್ಲಿ ಪ್ರತಿ ಮಗುವಿಗೆ ಒಂದು ಕಾಗದದ ತಟ್ಟೆ ಕೊಟ್ಟು, ಈ ಜೀವನದ ಒಂದೇ ಒಂದು ದೃಶ್ಯವನ್ನು ಅದರ ಮೇಲೆ ಬರೆಯಲು ಹೇಳಿ. ತಟ್ಟೆಯ ಹಿಂಭಾಗದಲ್ಲಿ ಎರಡು ಸಾಲು: ಈ ತಟ್ಟೆಯನ್ನು ಮಾಡಿಸಿದವರು ಯಾರು, ಇದರಲ್ಲಿ ಊಟ ಮಾಡುವವರು ಯಾರು. ಪ್ರಷ್ಯದ ರಾಜ ಮಾಡಿಸಿದ ತಟ್ಟೆ, ಪೂರ್ಣಯ್ಯನವರು ಮಾಡಿಸಿದ ತಟ್ಟೆ, ಬೇರ್ಡ್ ಮಾಡಿಸಿದ ತಟ್ಟೆ, ದೊಡ್ಡವನಾದ ಸಲಾಬತ್ ಖಾನ್ ಮಾಡಿಸಿದ ತಟ್ಟೆ ಒಂದೇ ಆಗಿರಲಾರವು. ತಟ್ಟೆಗಳನ್ನು ಗೋಡೆಗೆ ಅಂಟಿಸುವ ಬದಲು ಬೆಂಚಿನ ಮೇಲೆ ಸಾಲಾಗಿ ಇಡಿಸಿ. ಗೋಡೆಗೆ ಅಂಟಿಸಿದರೆ ಹಿಂಭಾಗ ಕಾಣುವುದಿಲ್ಲ. ಪಾಠ ವೀಕ್ಷಿಸುವ ಸಹಪಾಠಿಗಳು ತಮ್ಮ ವೀಕ್ಷಣಾ ಪುಸ್ತಕದಲ್ಲಿ ಸುಲ್ತಾನ್‌ಪೇಟೆ ತೋಪನ್ನು ಎಷ್ಟು ಮಕ್ಕಳು ಆರಿಸಿದರು, ಎತ್ತುಗಳನ್ನು ಯಾರಾದರೂ ಬರೆದರೇ ಎಂಬುದನ್ನು ಗುರುತು ಹಾಕಿಕೊಂಡು ಬಂದರೆ ವಿಮರ್ಶಾ ಅವಧಿಯಲ್ಲಿ ಮಾತಾಡಲು ಬೇಕಾದಷ್ಟು ಸಿಗುತ್ತದೆ.